ಕೊರಿಯಾಕ್ಕೆ ಹೋದ ಕೌದಿ

ಕೊರಿಯಾ ಎಂಬ ದೇಶದವರಿಗೆ ಕೌದಿ ಹೊಲಿಯಬೇಕಂತೆ ಎಂದು ಅಕ್ತರಬೀಗೆ ಮೊದಲು ಹೇಳಿದವಳು ಕಸ್ತೂರಿಬಾಯಿ. ಬೀದರಿನ ಚೌಬಾರದ ಹಿಂದಿನ ಓಣಿಯಲ್ಲಿದ್ದ ವಕೀಲ ಶಿವರಾಜಪ್ಪನ ಮನೆಯ ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕೂತು ಹಳೆಯ ಧೋತರಗಳ ಅಂಚು ಹರಿಯುತ್ತಿದ್ದರು. ಆ ದೇಶದಲ್ಲಿ ಒಂದೂವರೆ ವರ್ಷದಿಂದ ಲಡಾಯಿ ನಡೆದಿದೆ, ಊರೂರೇ ಸುಟ್ಟಿವೆ, ಚಳಿಗೆ ನೀರು ಕಲ್ಲಾಗುತ್ತದಂತೆ ಎಂದು ಕಸ್ತೂರಿಬಾಯಿ ತಾನು ಕೇಳಿಸಿಕೊಂಡದ್ದನ್ನೆಲ್ಲ ಒಪ್ಪಿಸಿದಳು. ಅಕ್ತರಬೀ ಹೂಂ ಎಂದಳು. ಹಾಗಾದರೆ ಬರೀ ಬಟ್ಟೆಯ ಪದರು ಸಾಲದು, ನಡುವೆ ತೆಳ್ಳಗೆ ಹತ್ತಿ ಹಾಸಬೇಕು ಅಂದಳು. ಬೇರೆ ಏನನ್ನೂ ಅವಳು ಕೇಳಲಿಲ್ಲ.

ಶಿವರಾಜಪ್ಪ ಸಮತಾ ಪಕ್ಷದವನು. ಕಾಂಗ್ರೆಸ್ಸಿನಷ್ಟು ದೊಡ್ಡದಲ್ಲ, ಕಮ್ಯುನಿಸ್ಟರಷ್ಟು ಬಿರುಸೂ ಅಲ್ಲ ಎಂದು ಜನ ನಗುತ್ತಿದ್ದ ಪಕ್ಷ ಅದು. ನಿಜಾಮನ ಕಾಲದಲ್ಲಿ ಅವನು ಜೈಲು ಕಂಡು ಬಂದಿದ್ದ. ಅವನ ಅಣ್ಣ ಮಡೆಪ್ಪನನ್ನು, ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗುವ ಮುಂಚಿನ ಬೇಸಿಗೆಯಲ್ಲಿ, ಭಾಲ್ಕಿ ದಾರಿಯಲ್ಲಿ ನಿಜಾಮನ ಕಡೆಯ ರಜಾಕಾರರು ಬಂಡಿಯಿಂದ ಇಳಿಸಿ ಕೊಂದಿದ್ದರು. ಆ ಮಡೆಪ್ಪನ ಹೆಂಡತಿಯೇ ಕಸ್ತೂರಿಬಾಯಿ.

ಅಕ್ತರಬೀಯ ಗಂಡ ಮಕ್ಸೂದ ಹೋದದ್ದು ಆ್ಯಕ್ಷನ್ ಆದ ಮೇಲೆ. ಭಾಲ್ಕಿ ಸೀಮೆಯ ಒಂದು ಸಣ್ಣ ಊರಿನಲ್ಲಿ ಅವನು ಪಿಂಜಾರ. ಬಿಲ್ಲು ಹಿಡಿದು ಹತ್ತಿ ಹಿಂಜಿ, ಗಾದಿ ರಜಾಯಿ ತುಂಬಿ ಕೊಡುವವನು. ರಜಾಕಾರರ ಸಂಗಡ ಅವನಿಗೆ ಹೋಗಿಬರುವ ಮಾತೇ ಇರಲಿಲ್ಲ. ಆದರೆ ಆ ವಾರ ಅದನ್ನು ಯಾರೂ ವಿಚಾರಿಸಲಿಲ್ಲ. ಹೊರಗಿನಿಂದ ಬಂದ ಗುಂಪೊಂದು ಊರಿನ ಮುಸಲ್ಮಾನ ಗಂಡಸರನ್ನು ಹಗ್ಗ ಕಟ್ಟಿ ಹಳ್ಳದ ಕಡೆ ಕರೆದೊಯ್ದಿತು. ಊರವರಲ್ಲಿ ಕೆಲವರು ಬಾಗಿಲು ಹಾಕಿಕೊಂಡರು, ಕೆಲವರು ಹಿಂದೆ ಹೋದರು. ಅಕ್ತರಬೀ ಅತ್ತೆ ಬಿಸ್ಮಿಲ್ಲಾಬೀಯ ಕೈಹಿಡಿದು ಜೋಳದ ಹೊಲದೊಳಗೆ ಅಡಗಿ, ನಡೆಯುತ್ತ ನಡೆಯುತ್ತ ಬೀದರ ಸೇರಿದಳು. ಹಿಂದೆ ಏನಾಯಿತೆಂದು ನೋಡಿದವರು ಯಾರೂ ಅವಳಿಗೆ ಸಿಗಲಿಲ್ಲ.

ಅಂದಿನಿಂದ ಬಿಸ್ಮಿಲ್ಲಾಬೀ ದಿನಾ ಅಳುತ್ತಿದ್ದಳು, ದಿನಾ ಕಾಯುತ್ತಿದ್ದಳು. ಮಗ ಸೋಲಾಪುರಕ್ಕೆ ಓಡಿಹೋಗಿದ್ದಾನೆ, ಮಿಲ್ಲಿನಲ್ಲಿ ಕೆಲಸ ಹಿಡಿದಿದ್ದಾನೆ ಎಂದು ಯಾರೋ ಫಕೀರನೊಬ್ಬ ಹೇಳಿದ್ದನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ಸೊಸೆಯ ಕೈಯ ಬಳೆ ಒಡೆದರೆ ತಾನೇ ಹೋಗಿ ಹೊಸದು ತರುತ್ತಿದ್ದಳು. ಅಕ್ತರಬೀ ಕೈ ಚಾಚಿ ತೊಡಿಸಿಕೊಳ್ಳುತ್ತಿದ್ದಳು. ಅವಳು ಅತ್ತದ್ದನ್ನು ಓಣಿಯವರು ಯಾರೂ ಕಂಡಿರಲಿಲ್ಲ. ಹೆಂಗಸು ಕಲ್ಲಾಗಿದ್ದಾಳೆ ಎನ್ನುತ್ತಿದ್ದರು. ಅದೂ ಅವಳ ಕಿವಿಗೆ ಬಿದ್ದಿತ್ತು. ಬಿದ್ದರೆ ಬೀಳಲಿ ಅನ್ನಿಸಿತ್ತು, ಅಷ್ಟೆ. ಒಲೆಯ ಮುಂದೆ ಕೂತಾಗ ಕೈ ಸುಟ್ಟರೆ ಕೈಯನ್ನು ನೋಡಿದ ಮೇಲೆ ಅವಳಿಗೆ ಗೊತ್ತಾಗುತ್ತಿತ್ತು.

ಎರಡೂ ಕಡೆಯ ವಿಧವೆಯರಿಗೆ ಕೆಲಸ ಕೊಡಬೇಕೆಂದು ಶಿವರಾಜಪ್ಪ ತನ್ನ ಪಡಸಾಲೆ ಬಿಟ್ಟುಕೊಟ್ಟಾಗ ಊರಲ್ಲಿ ಬಹಳ ಮಂದಿಗೆ ಸೇರಲಿಲ್ಲ. ಕಸ್ತೂರಿಬಾಯಿಗೂ ಸೇರಿರಲಿಲ್ಲ. ಮೊದಲ ಮಳೆಗಾಲವಿಡೀ ಅವಳು ಅಕ್ತರಬೀಯ ಸಂಗಡ ಒಂದು ಮಾತೂ ಆಡಿರಲಿಲ್ಲ. ಅಕ್ತರಬೀಗೆ ಕತ್ತರಿ ಬೇಕಾದರೆ ನೆಲದ ಮೇಲಿಟ್ಟು ಕಾಲಿನಿಂದ ಸರಿಸುತ್ತಿದ್ದಳು. ಆಮೇಲೆ ಅದು ಹೇಗೋ ಕೈಯಿಂದ ಕೈಗೆ ಬಂತು. ಯಾವಾಗ ಬಂತೆಂದು ಇಬ್ಬರೂ ಗಮನಿಸಿರಲಿಲ್ಲ.

ಕೊರಿಯಾದ ಮಾತು ಎತ್ತಿದವರು ಹೈದರಾಬಾದಿನಿಂದ ಬಂದ ಪಕ್ಷದ ಹಿರಿಯರು. ದೀಪಾವಳಿ ಕಳೆದಿತ್ತು, ದೇಶದ ಮೊದಲ ಚುನಾವಣೆ ಹತ್ತಿರವಿತ್ತು, ಶಿವರಾಜಪ್ಪ ಭಾಲ್ಕಿಯಿಂದ ನಿಲ್ಲುವುದೆಂದು ಠರಾವಾಗಿತ್ತು. ಅಟ್ಟದ ಮೇಲೆ ಸಭೆ ಸೇರಿದಾಗ ಕೆಳಗೆ ಪಡಸಾಲೆಯಲ್ಲಿದ್ದ ಕಸ್ತೂರಿಬಾಯಿಗೆ ಎಲ್ಲ ಕೇಳಿಸುತ್ತಿತ್ತು. ಅಮೆರಿಕೆಯಿಂದ ಗೋಧಿಯ ಹಡಗುಗಳು ಬರುತ್ತಿವೆ, ಸಾಲೆಗಳಿಗೆ ಹಾಲಿನ ಪುಡಿ ಬರುತ್ತಿದೆ, ಬರಲಿ, ಹಸಿದವನು ಬೇಡವೆನ್ನಬಾರದು ಎಂದರು ಹಿರಿಯರು. ಆದರೆ ಯಾವತ್ತೂ ಅಂಗೈ ಮೇಲಕ್ಕೆ ಮಾಡಿಯೇ ನಿಂತ ದೇಶಕ್ಕೆ ಬೆನ್ನು ನೆಟ್ಟಗಾಗುವುದಿಲ್ಲ. ನಾವು ಬಡವರು ಹೌದು. ನಮಗಿಂತ ಕಷ್ಟದಲ್ಲಿರುವವನಿಗೆ ನಾವೂ ಏನಾದರೂ ಕೊಡಬೇಕು. ಹೊರಗಿನವರನ್ನು ಕೇಳುವುದಾದರೆ ಭಿಕ್ಷೆ ಬೇಡ, ಕೆಲಸದ ಯಂತ್ರ ಕೇಳೋಣ. ಬಡತನಕ್ಕೆ ಸರಹದ್ದಿಲ್ಲ ಎಂಬುದು ಪಕ್ಷದ ಮಾತು, ಅದನ್ನು ಬಾಯಲ್ಲಿ ಹೇಳಿದರಾಗದು, ಮಾಡಿ ತೋರಿಸಬೇಕು.

ಔರಾದಿನ ಹುಡುಗ ವೈಜಿನಾಥ, ಪಕ್ಷಕ್ಕಾಗಿ ಊರೂರು ಅಲೆಯುವವನು, ಎದ್ದು ನಿಂತು ತಕರಾರು ಮಾಡಿದ. ಔರಾದಿನ ತಾಂಡಾಗಳಲ್ಲಿ ಮಂದಿಗೆ ಮೈಮೇಲೆ ಅರಿವೆಯಿಲ್ಲ, ಜನವಾಡದ ಆಚೆಯ ಕೇರಿಗಳಲ್ಲಿ ಗೋಣಿಚೀಲ ಹೊದ್ದು ಮಲಗುತ್ತಾರೆ, ಅವರಿಗೆ ಏನು ಹೇಳಲಿ ಎಂದು ಕೇಳಿದ. ಶಿವರಾಜಪ್ಪ ಸಮಾಧಾನದಿಂದ ಉತ್ತರ ಕೊಟ್ಟ. ಅವರಿಗೂ ಹೊಲಿಯೋಣ, ಇವರಿಗೂ ಹೊಲಿಯೋಣ. ನಮ್ಮದೆಲ್ಲ ಸರಿಹೋದ ಮೇಲೆ ಕೊಡುತ್ತೇವೆಂದರೆ ಯಾರೂ ಯಾರಿಗೂ ಎಂದಿಗೂ ಕೊಡುವುದಿಲ್ಲ ಎಂದ. ಅವನು ಅದನ್ನು ನಂಬಿ ಹೇಳುತ್ತಿದ್ದ. ಅದು ಅವನ ದನಿಯಲ್ಲೇ ತಿಳಿಯುತ್ತಿತ್ತು.

ಹಾಗೆ ಬಂಡಿ ಹೂಡಿದರು. ಮನ್ನಳ್ಳಿ, ಔರಾದ, ಭಾಲ್ಕಿ ಸೀಮೆಗಳಿಂದ ಹಳೆಯ ಸೀರೆ, ಧೋತರ, ಪಟಗ, ಕುಪ್ಪಸಗಳ ಗಂಟುಗಳು ಬರತೊಡಗಿದವು. ಜನ ಕೊಟ್ಟರು. ಕೊಡುವುದಿಲ್ಲ ಎಂದುಕೊಂಡಿದ್ದ ವೈಜಿನಾಥನಿಗೇ ಆಶ್ಚರ್ಯವಾಯಿತು. ಅಕ್ತರಬೀ ಹಿತ್ತಲಿನಲ್ಲಿ ಬಿಲ್ಲು ತೂಗುಹಾಕಿ ಹತ್ತಿ ಹಿಂಜಿದಳು. ಗಂಡಸರ ಕೆಲಸ ಅದು. ಆದರೆ ಮಕ್ಸೂದನ ಎದುರು ಕೂತು ಕೂತು ಅವಳಿಗೂ ಅದರ ಹದ ಹತ್ತಿತ್ತು. ಬಿಲ್ಲಿನ ನಾದಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡುತ್ತಿದ್ದರು. ಒಂದೊಂದೇ ಕೌದಿ ಮುಗಿದು ಗೋಡೆಯ ಬದಿಗೆ ರಾಶಿ ಬಿದ್ದಂತೆ ಕಸ್ತೂರಿಬಾಯಿ ಆ ದೇಶದ ಹೆಂಗಸರು ಹೇಗಿರುತ್ತಾರೋ, ಏನು ಉಡುತ್ತಾರೋ ಎಂದು ಮಾತು ತೆಗೆಯುತ್ತಿದ್ದಳು. ಅಕ್ತರಬೀ ಹೊಲಿಗೆಯ ಟಾಕು ಹಾಕುತ್ತ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಭಾಲ್ಕಿ ಕಡೆಯ ಗಂಟು ಬಿಚ್ಚಿದರು. ನಾಲ್ಕಾರು ಸೀರೆಗಳ ಕೆಳಗೆ ಮಡಿಚಿಟ್ಟ ಕೆಂಪು ಛೀಟು ಬಟ್ಟೆಯ ರಜಾಯಿ ಹೊದಿಕೆ ಇತ್ತು. ಒಳಗಿನ ಹತ್ತಿ ತೆಗೆದು, ಒಗೆದು, ಬರೀ ಬಟ್ಟೆ ಕೊಟ್ಟಿದ್ದರು. ಅಕ್ತರಬೀ ಅದನ್ನು ಹರವಿದಳು. ಒಂದು ಮೂಲೆಯಲ್ಲಿ ಚಿಮಣಿ ದೀಪ ತಾಗಿ ಸುಟ್ಟ ತೂತು. ಆ ತೂತಿಗೆ ನೀಲಿ ಅಂಗಿಯ ತುಂಡಿನ ತೇಪೆ. ತೇಪೆ ಅವಳೇ ಹಾಕಿದ್ದು. ಅಂಗಿ ಮಕ್ಸೂದನದು. ಅವಳ ಮದುವೆಗೆ ಅವನೇ ತುಂಬಿದ್ದ ರಜಾಯಿ ಅದು. ನಾಲ್ಕೂ ಅಂಚಿಗೆ ಹಳದಿ ದಾರದಲ್ಲಿ ಓರೆ ಹೊಲಿಗೆ ಹಾಕಿದವನೂ ಅವನೇ.

ಎದೆ ಧಸಕ್ಕೆನ್ನುತ್ತದೆಂದು ಅವಳು ಕಾದಳು. ಅನ್ನಲಿಲ್ಲ. ಬಟ್ಟೆಯನ್ನು ಮೂಗಿನ ಹತ್ತಿರ ತಂದಳು. ಬೇರೆ ಮನೆಯ ಪೆಟ್ಟಿಗೆಯ ವಾಸನೆ, ಬೇವಿನ ಸೊಪ್ಪಿನ ವಾಸನೆ ಬಂತು. ಒಳ್ಳೆ ಬಟ್ಟೆ, ಇನ್ನೂ ಗಟ್ಟಿ ಇದೆ, ತಳಕ್ಕೆ ಹಾಸಲು ಬರುತ್ತದೆ ಎಂದು ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ನೆಲದ ಮೇಲೆ ಹಾಸಿ, ನೆರಿಗೆ ಒತ್ತಿ, ಹತ್ತಿ ಹರಡಲು ಹೋದಳು. ಆದರೆ ಎಡಗೈ ಆ ನೀಲಿ ತೇಪೆಯ ಮೇಲೆ ಇಟ್ಟದ್ದು ಇಟ್ಟಹಾಗೇ ಇತ್ತು.

ಯಾಕೆ ಕೈ ತೆಗೆಯುವುದಿಲ್ಲ ಎಂದು ಕಸ್ತೂರಿಬಾಯಿ ಕೇಳಿದಳು.

"ಇದು ನಮ್ಮದು ಅದ್ರಿ ಅಕ್ಕಾರ," ಎಂದಳು ಅಕ್ತರಬೀ. "ನಮ್ಮ ಮನಿದು."

ಕಸ್ತೂರಿಬಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸೂಜಿಯನ್ನು ಸೀರೆಗೆ ಚುಚ್ಚಿಕೊಂಡು ಎದ್ದು ಒಳಗೆ ಹೋದಳು.

ಅಂದು ಸಂಜೆ ಪಕ್ಷದವರು ಮತ್ತೆ ಸೇರಿದರು. ಗಂಟು ತಂದ ವೈಜಿನಾಥನಿಗೆ ಮನೆ ನೆನಪಿತ್ತು: ಆ ಊರಿನ ಸುಮಿತ್ರಾಬಾಯಿ ಎಂಬಾಕೆ ಕೊಟ್ಟದ್ದು, ತಾನಾಗಿಯೇ ಕರೆದು ಕೊಟ್ಟಿದ್ದಳು. ಕಸ್ತೂರಿಬಾಯಿಯಿಂದ ವಿಷಯ ತಿಳಿದಿದ್ದ ಶಿವರಾಜಪ್ಪ ಸುತ್ತುಬಳಸದೆ ಹೇಳಿದ. ಆ ಊರುಗಳಿಗೆಲ್ಲ ಹೋಗೋಣ, ಹೋದವರ ಸಾಮಾನು, ಮನೆ, ಹೊಲ ತಿರುಗಿ ಕೊಡಿ ಎಂದು ಪಕ್ಷದ ಹೆಸರಿನಲ್ಲೇ ಕೇಳೋಣ. ಉಳಿದವರು ಒಬ್ಬೊಬ್ಬರೇ ಬಾಯಿಬಿಟ್ಟರು. ಮಾತು ನ್ಯಾಯದ್ದೇ, ಆದರೆ ಚುನಾವಣೆ ಮುಗಿಯಲಿ. ಈಗ ಹುಣ್ಣು ಕೆರೆದರೆ ಒಂದು ಓಟೂ ಬೀಳುವುದಿಲ್ಲ. ನಿಮ್ಮ ಅಣ್ಣನನ್ನೇ ಕೊಂದವರ ಕಡೆ ನಿಂತಿರಿ ಎನ್ನುತ್ತಾರೆ. ಕೌದಿಯ ಕೆಲಸ ಮಾತ್ರ ನಿಲ್ಲಿಸುವುದು ಬೇಡ, ಅದರಿಂದ ಪಕ್ಷಕ್ಕೆ ಒಳ್ಳೆ ಹೆಸರಾಗಿದೆ.

ಕಸ್ತೂರಿಬಾಯಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡಸರ ಸಭೆಯಲ್ಲಿ ಅವಳು ಹಿಂದೆಂದೂ ಬಾಯಿ ತೆರೆದವಳಲ್ಲ.

"ಕೊರಿಯಾದ ಮಂದಿ ಭಾಲ್ಕಿಗಿ ಬಂದು ನಿಮ್ಮನ್ನ ಏನೂ ಕೇಳಂಗಿಲ್ರಿ," ಎಂದಳು. "ಅದಕ್ಕ ಅವರಿಗಿ ಕೊಡೋದು ಹಗುರ ಆಗ್ಯಾದ."

ತಟ್ಟೆ ಕೆಳಗಿಟ್ಟು ಹೋದಳು. ಶಿವರಾಜಪ್ಪ ಚಹಾ ಮುಟ್ಟಲಿಲ್ಲ. ಪಕ್ಷ ಬರದಿದ್ದರೆ ನಾನೊಬ್ಬನೇ ಹೋಗುತ್ತೇನೆ ಎಂದ. ಒಬ್ಬನೇ ಏಕೆ, ನಾನೂ ಬರುತ್ತೇನೆ ಎಂದಳು ಕಸ್ತೂರಿಬಾಯಿ ಒಳಗಿನಿಂದ. ಅಕ್ತರಬೀಯನ್ನು ಕೇಳಿದಾಗ ಅವಳು ಆಗಲಿ ಎಂದಳು. ಬೇಡವೆನ್ನುವುದಕ್ಕೂ ಒಂದು ಮನಸ್ಸು ಬೇಕಲ್ಲ.

ಬೆಳಗಿನ ರೈಲುಗಾಡಿ ಹತ್ತಿ ಭಾಲ್ಕಿಯಲ್ಲಿ ಇಳಿದು, ಅಲ್ಲಿಂದ ಬಂಡಿಯಲ್ಲಿ ಹೋದರು. ಅತ್ತೆಗೆ ಅವಳು ಏನೂ ಹೇಳಿರಲಿಲ್ಲ, ಹತ್ತಿ ಕೊಳ್ಳಲು ಹೋಗುತ್ತೇನೆಂದಿದ್ದಳು. ಊರ ಹತ್ತಿರದ ಕಪ್ಪು ಹೊಲಗಳಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಅವಳ ಮನೆಗೆ ಮಾಳಿಗೆ ಉಳಿದಿರಲಿಲ್ಲ. ತೊಲೆ ಜಂತಿ ಯಾರೋ ಕಿತ್ತೊಯ್ದಿದ್ದರು. ನಾಲ್ಕು ಮಣ್ಣುಗೋಡೆಗಳ ನಡುವೆ ಎಮ್ಮೆಯೊಂದು ಮೆಲುಕು ಹಾಕುತ್ತಿತ್ತು. ಇಲ್ಲಿ ಒಲೆ ಇತ್ತು, ಅಲ್ಲಿ ಬಿಲ್ಲು ತೂಗುತ್ತಿತ್ತು ಎಂದು ಅವಳು ಕಸ್ತೂರಿಬಾಯಿಗೆ ತೋರಿಸಿದಳು, ಬೇರೆ ಯಾರದೋ ಮನೆ ತೋರಿಸುವಂತೆ.

ಸುಮಿತ್ರಾಬಾಯಿ ಅಕ್ತರಬೀಯನ್ನು ಕಂಡೊಡನೆ ಗುರುತಿಸಿದಳು. ನಿಂತಲ್ಲೇ ಸೆರಗು ತಲೆಯ ಮೇಲೆಳೆದುಕೊಂಡಳು. ಗಂಡ ಹೊಲಕ್ಕೆ ಹೋಗಿದ್ದಾನೆ ಎಂದು, ಕೇಳುವ ಮೊದಲೇ ಹೇಳಿದಳು. ಕಂಬಳಿ ಹಾಸಿ, ನೀರು ಕೊಟ್ಟಳು. ಶಿವರಾಜಪ್ಪ ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಆದರೆ ಆ ಹೆಂಗಸು ಅವನ ಕಡೆ ನೋಡಲೇ ಇಲ್ಲ. ಅಕ್ತರಬೀಯ ಎದುರು ನೆಲದ ಮೇಲೆ ಕೂತಳು.

"ನಮ್ಮ ಮನಿಯವರು ಅವತ್ತು ರಜಾಯಿ ಹೊತ್ಕೊಂಡು ಬಂದ್ರು, ನಾ ಪೆಟಗಿಗಿ ಹಾಕ್ದೆ," ಎಂದಳು. "ಹೊದ್ಕೊಳ್ಳಾಕ ಮನಸ ಆಗಲಿಲ್ಲವ್ವ. ಸುಡಲಾಕೂ ಆಗಲಿಲ್ಲ. ನಿನಗ ತಂದು ಕೊಡಬೇಕಂದ್ರ ಯಾವ ಮಾರಿ ಹೊತ್ಕೊಂಡು ಬರಲಿ? ನಿಮ್ಮ ಹುಡುಗ ಬಂದು ದೂರ ದೇಶಕ್ಕ ಕಳಿಸ್ತೇವಿ ಅಂದ. ದೂರ ಅಂದದ್ದಕ್ಕ ಕೊಟ್ಟೆ."

ಅವಳು ಅಳುತ್ತಿದ್ದಳು. ಅಕ್ತರಬೀ ಅವಳ ಕಣ್ಣೀರು ಗಲ್ಲದಿಂದ ಇಳಿಯುವುದನ್ನು ನೋಡುತ್ತ ಕೂತಳು. ಸಿಟ್ಟು ಬರಬೇಕಾದ ಜಾಗದಲ್ಲಿ ಸಿಟ್ಟಿಲ್ಲ, ಕರುಣೆ ಬರಬೇಕಾದಲ್ಲಿ ಅದೂ ಇಲ್ಲ. ಬಟ್ಟೆಯ ಬಗ್ಗೆ ಅವಳಿಗೆ ಕೇಳುವುದೇನೂ ಇರಲಿಲ್ಲ. ಒಂದೇ ಒಂದು ಮಾತು ಮೂರು ವರ್ಷದಿಂದ ಗಂಟಲಲ್ಲಿತ್ತು, ಇತ್ತೆಂದು ಅವಳಿಗೂ ಈಗ ಗೊತ್ತಾಯಿತು.

"ಅವರಿಗಿ ಮಣ್ಣು ಯಾರು ಕೊಟ್ರು?"

ಸುಮಿತ್ರಾಬಾಯಿ ಸೆರಗಿನಿಂದ ಮೂಗು ಒರಸಿಕೊಂಡು, ಮಚ್ಛೇಂದ್ರ ಎಂದಳು. ಊರಾಚೆಯ ಕೇರಿಯ ಮಚ್ಛೇಂದ್ರ ಮತ್ತವನ ಅಣ್ಣ. ಎರಡು ದಿನ ಯಾರೂ ಆ ಕಡೆ ಹೋಗಿರಲಿಲ್ಲ. ಅವರೇ ಹೋಗಿ ಗುಂಡಿ ತೋಡಿದರು.

ಮಚ್ಛೇಂದ್ರ ಉದ್ದನೆಯ, ಮಾತು ಕಡಿಮೆಯ ಮನುಷ್ಯ. ಜಾಗ ತೋರಿಸೆಂದು ಕೇಳಿದ ಮೇಲೆ ಮುಂದೆ ಮುಂದೆ ನಡೆದ. ಹಳ್ಳದ ದಂಡೆಯ ಮೇಲೆ ಒಂದು ಜಾಲಿಮರ, ಅದರ ಹಿಂದೆ ಕಡಲೆ ಬಿತ್ತಿದ ಹೊಲ. ಮರದಿಂದ ಹೊಲದ ಬದುವಿನವರೆಗೆ ಕೈಯಾಡಿಸಿ ತೋರಿಸಿದ. ಎಲ್ಲರನ್ನೂ ಒಂದೇ ಕಡೆ ಮಲಗಿಸಿದೆವು ಎಂದ. ನಿಮ್ಮವರು ಹ್ಯಾಂಗ ಮಲಗಿಸ್ತಾರೆಂದು ನಮಗೆ ಗೊತ್ತಿಲ್ಲ, ಆದರೆ ಒಬ್ಬರ ಮೇಲೊಬ್ಬರನ್ನು ಹಾಕಲಿಲ್ಲ ಎಂದ. ಮಕ್ಸೂದ ಯಾವ ತುದಿಗಿದ್ದಾನೆ ಎಂದು ಶಿವರಾಜಪ್ಪ ಮೆಲ್ಲಗೆ ಕೇಳಿದ. ಮಚ್ಛೇಂದ್ರ ಗೊತ್ತಿಲ್ಲವೆಂದು ತಲೆಯಾಡಿಸಿದ. ಮುಖ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ ಎಂಬುದನ್ನು ಅವನು ಹೇಳಲಿಲ್ಲ, ಉಳಿದವರು ತಿಳಿದುಕೊಂಡರು.

ಕಡಲೆ ಗಿಡಗಳು ಮೊಣಕಾಲಿಗಿಂತ ಕೆಳಗಿದ್ದವು. ಗಾಳಿಗೆ ಹುಳಿಯ ವಾಸನೆ ಬರುತ್ತಿತ್ತು. ಅಕ್ತರಬೀ ನಿಂತೇ ಇದ್ದಳು. ಈಗಲಾದರೂ ಅಳು ಬರಬಹುದು ಎಂದು ಎಲ್ಲರೂ ಅವಳನ್ನು ನೋಡಿದರು. ಅವಳೂ ತನ್ನನ್ನು ತಾನು ಹಾಗೇ ನೋಡಿಕೊಂಡಳು. ಕುಸಿದು ಕೂತವಳು ಕಸ್ತೂರಿಬಾಯಿ. ಮಡೆಪ್ಪನ ಹೆಸರು ಹಿಡಿದು, ಬದುವಿನ ಮಣ್ಣು ಹಿಡಿದು, ಮೂರು ವರ್ಷದ್ದನ್ನೆಲ್ಲ ಅಲ್ಲಿ ಅತ್ತಳು. ಅವಳ ಗಂಡನನ್ನು ಕೊಂದವರ ಧರ್ಮದವರು ಮಲಗಿದ ಜಾಗ ಅದು. ಅದು ಅವಳಿಗೆ ಆಗ ಹೊಳೆಯಿತೋ ಇಲ್ಲವೋ. ಅಕ್ತರಬೀ ಹಳ್ಳಕ್ಕಿಳಿದು ಬೊಗಸೆಯಲ್ಲಿ ನೀರು ತಂದು ಅವಳಿಗೆ ಕುಡಿಸಿದಳು. ಬೆರಳ ಸಂದಿಯಿಂದ ಅರ್ಧ ಸೋರಿಹೋಯಿತು. ಮತ್ತೊಮ್ಮೆ ಹೋಗಿ ತಂದಳು.

ಬೀದರಿಗೆ ಬಂದ ಮೇಲೆ ಶಿವರಾಜಪ್ಪ ಆ ಕೆಂಪು ಬಟ್ಟೆಯನ್ನು ಮಡಿಚಿ ಅವಳ ಮುಂದಿಟ್ಟ. ಇದನ್ನು ಕಳಿಸುವುದು ಬೇಡ, ಮನೆಗೆ ಒಯ್ಯಿರಿ ಎಂದ. ಅವಳು ಬಹಳ ಹೊತ್ತು ನೋಡಿದಳು. ಮನೆಗೆ ಒಯ್ದರೆ ಅತ್ತೆ ಅಂಚಿನ ಹೊಲಿಗೆ ನೋಡಿದ ಕೂಡಲೇ ಹಿಡಿಯುತ್ತಾಳೆ. ಹೊದೆಯಲಾಗದು. ಪೆಟ್ಟಿಗೆಗೆ ಹಾಕಿದರೆ ಅದು ಪೆಟ್ಟಿಗೆಯಲ್ಲಿದೆ ಎಂದು ದಿನಾ ಗೊತ್ತಿರುತ್ತದೆ. ಸುಮಿತ್ರಾಬಾಯಿಯ ಪೆಟ್ಟಿಗೆಯಲ್ಲಿ ಅದು ಹೇಗೆ ಇದ್ದಿರಬಹುದು ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಅರ್ಥವಾಯಿತು.

"ಹೋಗಲಿ ಬಿಡ್ರಿ," ಎಂದಳು. "ಅಲ್ಲಿ ಚಳಿ ಭಾಳ ಅದ ಅಂತೀರಲ್ಲ."

ಹತ್ತಿ ಹರಡಿ, ಮೇಲೆ ಬಿಳಿ ಧೋತರ ಹಾಸಿ, ತಾನೇ ಕೂತು ಹೊಲಿದು ಮುಗಿಸಿದಳು. ನೀಲಿ ತೇಪೆ ಒಳಗೆ ಹೋಯಿತು.

ಅತ್ತೆಗೆ ಹೇಳಲು ಮಾತ್ರ ತಡಮಾಡಿದಳು. ಸಂಕ್ರಾಂತಿ ಕಳೆಯಿತು, ಕೌದಿಯ ಗಂಟುಗಳು ಬೀದರ ಸ್ಟೇಷನ್ನಿನಿಂದ ಮುಂಬಯಿಗೆ ಹೋದವು, ಪಕ್ಷದವರು ಹಾರ ಹಾಕಿ ಫೋಟೋ ತೆಗೆಸಿದರು. ಶಿವರಾಜಪ್ಪ ಮಾತ್ರ ಭಾಲ್ಕಿಯ ಸಂತೆಯಲ್ಲಿ ನಿಂತು ಹಳ್ಳದ ದಂಡೆಯ ಮಾತನ್ನೇ ಆಡಿದ. ತನ್ನ ಅಣ್ಣ ಸತ್ತ ಜಾಗವನ್ನೂ ಹೇಳಿದ, ಇವರು ಸತ್ತ ಜಾಗವನ್ನೂ ಹೇಳಿದ, ಎರಡಕ್ಕೂ ಒಂದೇ ನ್ಯಾಯ ಬೇಕು ಎಂದ. ಮಂದಿ ಕಲ್ಲು ಎಸೆಯಲಿಲ್ಲ, ಕೂಗಲೂ ಇಲ್ಲ. ಎದ್ದು ಹೋದರು. ಚುನಾವಣೆಯಲ್ಲಿ ಅವನ ಠೇವಣಿ ಮುಳುಗಿತು. ಪಕ್ಷದ ಹಿರಿಯರು ಅವನನ್ನು ಬಯ್ಯಲಿಲ್ಲವಾದರೂ ಹೈದರಾಬಾದಿನಿಂದ ಬರುವುದನ್ನು ಕಡಿಮೆ ಮಾಡಿದರು. ಕೌದಿಗಳಲ್ಲಿ ಕೆಲವು ಹಡಗು ಹತ್ತಿದವು, ಜಾಗ ಸಾಲದೆ ಉಳಿದವನ್ನು ಮುಂಬಯಿಯ ನಿರಾಶ್ರಿತರಿಗೆ ಹಂಚಿದರು ಎಂದು ಬೇಸಿಗೆಗೆ ಸುದ್ದಿ ಬಂತು. ಯಾವುದು ಎಲ್ಲಿಗೆ ಹೋಯಿತೆಂದು ಹೇಳುವವರಿರಲಿಲ್ಲ. ಹೊರದೇಶದ ಕಾರ್ಮಿಕರ ಸಂಘವೊಂದು ಹಾಲಿನ ಪುಡಿಯ ಬದಲು ಎರಡು ಹೊಲಿಗೆಯಂತ್ರ ಕಳಿಸಿತು. ಕಸ್ತೂರಿಬಾಯಿ ತುಳಿಯಲು ಕಲಿತಳು. ಪಡಸಾಲೆಯ ಕೆಲಸ ನಿಲ್ಲಲಿಲ್ಲ.

ಅದೇ ಬೇಸಿಗೆಯಲ್ಲಿ ಬಿಸ್ಮಿಲ್ಲಾಬೀ ಸೋಲಾಪುರಕ್ಕೆ ಹೋಗಿ ಮಗನನ್ನು ಹುಡುಕುತ್ತೇನೆಂದು ಗಂಟು ಕಟ್ಟಿದಳು. ಆಗ ಅಕ್ತರಬೀ ಅವಳ ಕೈಯಿಂದ ಗಂಟು ಇಸಿದುಕೊಂಡು, ಎದುರು ಕೂತು ಹೇಳಿದಳು. ಕಂಡದ್ದನ್ನು ಕಂಡ ಹಾಗೇ ಹೇಳಿದಳು. ಮುದುಕಿ ಅಳಲಿಲ್ಲ. ಎಷ್ಟು ದಿನದಿಂದ ಗೊತ್ತು ಎಂದು ಕೇಳಲಿಲ್ಲ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದಳು.

ಕಡಲೆ ಕಿತ್ತು ಹೊಲ ಬೋಳಾಗಿತ್ತು. ಮಚ್ಛೇಂದ್ರ ಹೊಲದವನನ್ನು ಒಪ್ಪಿಸಿ ಜಾಲಿಮರದ ಬಳಿಯ ಪಟ್ಟಿಯನ್ನು ಉಳದೆ ಬಿಡಿಸಿದ್ದ. ಸುತ್ತ ಹಳ್ಳದ ಕಲ್ಲು ತಂದು ಇಟ್ಟಿದ್ದ. ಬಿಸ್ಮಿಲ್ಲಾಬೀ ಕಲ್ಲಿನ ಆಚೆ ಕೂತು ಮಗನ ಸಂಗಡ ಮಾತಾಡಿದಳು. ಬೀದರಿನ ಬಾಡಿಗೆ ಮನೆಯ ಸೋರುವ ಮಾಳಿಗೆಯ ವಿಷಯ, ಮೊಣಕಾಲಿನ ನೋವಿನ ವಿಷಯ, ಸೊಸೆ ಸರಿಯಾಗಿ ಉಣ್ಣುವುದಿಲ್ಲ ಎಂಬ ದೂರು. ಅಕ್ತರಬೀ ಮರದ ನೆರಳಲ್ಲಿ ಕೂತು ಕೇಳಿಸಿಕೊಂಡಳು. ಬಿಸಿಲೇರಿದ ಮೇಲೆ ಮಚ್ಛೇಂದ್ರನ ಹೆಂಡತಿ ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಯ ತಂದಳು. ತಮ್ಮ ಕೈಯದು ಉಣ್ಣುತ್ತಾರೋ ಇಲ್ಲವೋ ಎಂದು ಸ್ವಲ್ಪ ದೂರದಲ್ಲೇ ನಿಂತಳು. ಅಕ್ತರಬೀ ಕೈ ಚಾಚಿ ರೊಟ್ಟಿ ತೆಗೆದುಕೊಂಡಳು, ಅರ್ಧ ಮುರಿದು ಅತ್ತೆಗೆ ಕೊಟ್ಟಳು. ಇಬ್ಬರೂ ಉಂಡರು. ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು.